ಜಾಲಪುಟದಲ್ಲಿ ಚಿತ್ರ ಹಿಗ್ಗಿಸುವಿಕೆ

ಚಿತ್ರ ಹಿಗ್ಗಿಸುವಿಕೆ ಎಂಬುದು ಜಾಲಪುಟದ ವಿನ್ಯಾಸದಲ್ಲಿ ಬಳಕೆಯಲ್ಲಿರುವ ಒಂದು ತಂತ್ರ. ಪುಟದಲ್ಲಿರುವ ಚಿತ್ರದ ಮೇಲೆ ಓದುಗರು ಮೌಸ್‌ನ ಸೂಚಕವನ್ನು ತಂದಾಗ ಆ ಚಿತ್ರವು ಮೆಲ್ಲಗೆ ದೊಡ್ಡದಾಗುತ್ತದೆ. ಸೂಚಕವು ಅಲ್ಲಿಂದ ಸರಿದೊಡನೆ ಮೊದಲಿನ ಗಾತ್ರಕ್ಕೆ ಮರಳುತ್ತದೆ. ಸೂಚಕವು ಹೀಗೆ ಒಂದು ವಸ್ತುವಿನ ಮೇಲೆ, ಗುಂಡಿಯನ್ನು ಒತ್ತದೆ, ಸುಮ್ಮನೆ ನಿಂತಿರುವ ಸ್ಥಿತಿಗೆ ಹೋವರ್ ಎಂದು ಹೆಸರು. ಛಾಯಾಚಿತ್ರಗಳ ಸಂಗ್ರಹ, ಪುಸ್ತಕಗಳ ಮುಖಪುಟಗಳ ಸಾಲು, ಮಾರಾಟದ ತಾಣಗಳಲ್ಲಿನ ಸರಕುಗಳ ಪಟ್ಟಿ ಮೊದಲಾದ ಕಡೆಗಳಲ್ಲಿ ಈ ತಂತ್ರವನ್ನು ಕಾಣಬಹುದು.

ಚಿತ್ರವನ್ನು ದೊಡ್ಡದು ಮಾಡುವುದು ಸುಲಭ. ಕಷ್ಟವಿರುವುದು ಅದರ ನೆರೆಹೊರೆಯನ್ನು ಅಲುಗಿಸದೆ ದೊಡ್ಡದು ಮಾಡುವುದರಲ್ಲಿ. ಚಿತ್ರದ ಅಗಲ ಎತ್ತರಗಳನ್ನು ನೇರವಾಗಿ ಬದಲಿಸಿದರೆ ಅಕ್ಕಪಕ್ಕದ ಚಿತ್ರಗಳು ಸರಿಯುತ್ತವೆ, ಕೆಳಗಿನ ಬರಹವು ಕುಸಿಯುತ್ತದೆ, ಓದುತ್ತಿದ್ದವರ ಕಣ್ಣಿಗೆ ಸಾಲು ತಪ್ಪುತ್ತದೆ. ಒತ್ತಬೇಕೆಂದಿದ್ದ ಕೊಂಡಿಯು ಜಾರಿ ಅದರ ಜಾಗಕ್ಕೆ ಬೇರೊಂದು ಬಂದು, ಬಯಸದ ಪುಟವು ತೆರೆದುಕೊಳ್ಳುವುದೂ ಉಂಟು. ಇದನ್ನು ತಪ್ಪಿಸಲು ಇಂದು ಬಳಕೆಯಲ್ಲಿರುವ ಮುಖ್ಯ ಸಾಧನವು ಸಿಎಸ್‌ಎಸ್ ಶೈಲಿಭಾಷೆಯ ಟ್ರಾನ್ಸ್‌ಫಾರ್ಮ್ ಎಂಬ ಗುಣ.

ಈ ಲೇಖನದಲ್ಲಿ ಗುಣಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಕಡತದಲ್ಲಿ ಬರೆಯುವಾಗ ಅವುಗಳನ್ನು ರೋಮನ್ ಲಿಪಿಯಲ್ಲಿಯೇ ಬರೆಯತಕ್ಕದ್ದು. ಬ್ರೌಸರ್ ಅರ್ಥಮಾಡಿಕೊಳ್ಳುವುದು ಅದನ್ನೇ.

ಹಿನ್ನೆಲೆ

ಸಿಎಸ್‌ಎಸ್ ಭಾಷೆಯ ಪ್ರಸ್ತಾಪವನ್ನು ಹೋಕನ್ ವಿಯುಮ್ ಲೀ ಅವರು 1994ರಲ್ಲಿ ಮುಂದಿಟ್ಟರು. ಅದರ ಮೊದಲ ಹಂತವು 1996ರ ಡಿಸೆಂಬರಿನಲ್ಲಿ ಡಬ್ಲ್ಯು3ಸಿ ಸಂಸ್ಥೆಯ ಶಿಫಾರಸಾಗಿ ಹೊರಬಂದಿತು. ಹೋವರ್ ಸ್ಥಿತಿಯನ್ನು ಗುರುತಿಸುವ ಸೌಲಭ್ಯವು ಆ ಹಂತದಲ್ಲಿರಲಿಲ್ಲ. 1998ರ ಎರಡನೆಯ ಹಂತದಲ್ಲಿ ಅದು ಸೇರಿತು. ಸೇರಿದ ಮಾತ್ರಕ್ಕೆ ಬಳಕೆಗೆ ಬಂದಿತೆಂದು ತಿಳಿಯಬಾರದು. 2001ರಲ್ಲಿ ಬಂದು ಬಹುಕಾಲ ಚಲಾವಣೆಯಲ್ಲಿದ್ದ ಇಂಟರ್ನೆಟ್ ಎಕ್ಸ್‌ಪ್ಲೋರರ್ 6, ಹೋವರ್ ಸ್ಥಿತಿಯನ್ನು ಕೊಂಡಿಗಳ ಮೇಲೆ ಮಾತ್ರ ಗುರುತಿಸುತ್ತಿತ್ತು. ಚಿತ್ರವನ್ನು ಹಿಗ್ಗಿಸಬೇಕಾದವರು ಅದಕ್ಕೊಂದು ಕೊಂಡಿಯ ಹೊದಿಕೆಯನ್ನು ತೊಡಿಸಬೇಕಾಗಿತ್ತು. 2006ರ ಏಳನೆಯ ಆವೃತ್ತಿಯಲ್ಲಿ ಈ ಕೊರತೆ ನೀಗಿತು.

ಅದುವರೆಗೆ ಇಂಥ ಕೆಲಸಗಳು ಬಹುಮಟ್ಟಿಗೆ ಜಾವಾಸ್ಕ್ರಿಪ್ಟಿನ ಪಾಲಿಗೆ ಸೇರಿದ್ದವು. ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಬ್ರೆಂಡನ್ ಐಕ್ ಅವರು 1995ರಲ್ಲಿ ರೂಪಿಸಿದ ಈ ಭಾಷೆಯಿಂದ, ಸೂಚಕವು ಬಂದೊಡನೆ ಒಂದು ಚಿತ್ರವನ್ನು ತೆಗೆದು ಇನ್ನೊಂದನ್ನು ಇಡುವುದು ಸಾಧ್ಯವಾಗಿತ್ತು. 2006ರಲ್ಲಿ ಜಾನ್ ರೆಸಿಗ್ ಅವರು ಬಿಡುಗಡೆ ಮಾಡಿದ ಜೆಕ್ವೆರಿ ಗ್ರಂಥಾಲಯವು ಅಗಲ ಎತ್ತರಗಳನ್ನು ಹಂತಹಂತವಾಗಿ ಬದಲಿಸುವ ಆಜ್ಞೆಯನ್ನು ಒದಗಿಸಿತು. ಚಿತ್ರವು ನಯವಾಗಿ ಹಿಗ್ಗತೊಡಗಿದ್ದು ಅಲ್ಲಿಂದ. ಅದರೊಡನೆ ಪುಟವೆಲ್ಲ ಓಲಾಡತೊಡಗಿದ್ದೂ ಅಲ್ಲಿಂದಲೇ.

2007ರಲ್ಲಿ ಆಪಲ್ ಸಂಸ್ಥೆಯ ಸಫಾರಿ ಬ್ರೌಸರಿಗೆ ಆಧಾರವಾದ ವೆಬ್‌ಕಿಟ್ ಯೋಜನೆಯು ಟ್ರಾನ್ಸ್‌ಫಾರ್ಮ್ ಮತ್ತು ಟ್ರಾನ್ಸಿಶನ್ ಎಂಬ ಎರಡು ಹೊಸ ಗುಣಗಳನ್ನು ಪ್ರಾಯೋಗಿಕವಾಗಿ ಜಾರಿಗೆ ತಂದಿತು. ಮೊದಲನೆಯದು ವಸ್ತುವಿನ ತೋರಿಕೆಯನ್ನು ಬದಲಿಸುವುದು. ಎರಡನೆಯದು ಆ ಬದಲಾವಣೆಯನ್ನು ಕಾಲದಲ್ಲಿ ಹರಡುವುದು. ಇತರ ಬ್ರೌಸರುಗಳು ಮುಂದಿನ ಕೆಲವು ವರ್ಷಗಳಲ್ಲಿ ಇವನ್ನು ಅಳವಡಿಸಿಕೊಂಡವು. ಇಂಟರ್ನೆಟ್ ಎಕ್ಸ್‌ಪ್ಲೋರರ್ 2011ರ ಒಂಬತ್ತನೆಯ ಆವೃತ್ತಿಯಲ್ಲಿ ಮೊದಲನೆಯದನ್ನೂ 2012ರ ಹತ್ತನೆಯ ಆವೃತ್ತಿಯಲ್ಲಿ ಎರಡನೆಯದನ್ನೂ ಪಡೆಯಿತು. ಆ ದಿನಗಳಲ್ಲಿ ಪ್ರತಿ ಬ್ರೌಸರಿಗೂ ಬೇರೆ ಬೇರೆ ಉಪಸರ್ಗ ಹಚ್ಚಿ ಒಂದೇ ಸಾಲನ್ನು ನಾಲ್ಕೈದು ಬಾರಿ ಬರೆಯಬೇಕಾಗಿತ್ತು. ಹಳೆಯ ಪಾಠಗಳನ್ನು ನೋಡಿ ಕಲಿಯುವ ವಿದ್ಯಾರ್ಥಿಗಳು ಇಂದೂ ಆ ಸಾಲುಗಳನ್ನು ನಕಲು ಮಾಡುವುದುಂಟು. ಈಗ ಅವುಗಳ ಅಗತ್ಯವಿಲ್ಲ.

ಪುಟವು ಏಕೆ ಅಲುಗುತ್ತದೆ

ಬ್ರೌಸರು ಒಂದು ಪುಟವನ್ನು ತೆರೆಯ ಮೇಲೆ ತರುವಾಗ ಕೆಲಸವನ್ನು ಹಂತಗಳಲ್ಲಿ ಮಾಡುತ್ತದೆ. ಯಾವ ವಸ್ತುವಿಗೆ ಯಾವ ಶೈಲಿ ಎಂಬುದನ್ನು ಮೊದಲು ನಿರ್ಧರಿಸುತ್ತದೆ. ಅನಂತರ ಪ್ರತಿಯೊಂದು ವಸ್ತುವೂ ಎಲ್ಲಿ, ಎಷ್ಟು ಜಾಗದಲ್ಲಿ ಕೂರಬೇಕು ಎಂದು ಲೆಕ್ಕ ಹಾಕುತ್ತದೆ; ಇದಕ್ಕೆ ಲೇಔಟ್ ಎಂದು ಹೆಸರು. ಆಮೇಲೆ ಬಣ್ಣ ತುಂಬುವ ಹಂತ. ಕೊನೆಯಲ್ಲಿ, ಬಿಡಿಬಿಡಿಯಾಗಿ ಬರೆದ ಪದರಗಳನ್ನು ಒಂದರ ಮೇಲೊಂದು ಜೋಡಿಸುವ ಹಂತ.

ಅಚ್ಚುಮೊಳೆಗಳ ಕಾಲವನ್ನು ಕಂಡವರಿಗೆ ಇದು ಬೇಗ ಮನದಟ್ಟಾಗುತ್ತದೆ. ಮೊಳೆಗಳನ್ನು ಜೋಡಿಸಿ ಪುಟ ಕಟ್ಟಿದ ಮೇಲೆ ನಡುವಿನ ಒಂದು ಚಿತ್ರದ ಅಚ್ಚನ್ನು ತೆಗೆದು ಅದಕ್ಕಿಂತ ದೊಡ್ಡದನ್ನು ಇಡಬೇಕೆಂದರೆ ಕಟ್ಟನ್ನು ಬಿಚ್ಚಿ ಸುತ್ತಲಿನ ಸಾಲುಗಳನ್ನೆಲ್ಲ ಮತ್ತೆ ಜೋಡಿಸಬೇಕು. ಅಗಲ, ಎತ್ತರ, ಅಂಚಿನ ಜಾಗ ಇವುಗಳಲ್ಲಿ ಯಾವುದನ್ನು ಬದಲಿಸಿದರೂ ಬ್ರೌಸರು ಮಾಡುವುದು ಇದೇ ಕೆಲಸ. ಟ್ರಾನ್ಸ್‌ಫಾರ್ಮ್ ಮಾಡುವುದು ಬೇರೆ. ಅಚ್ಚಾಗಿ ಬಂದ ಪುಟದ ಮೇಲೆ ಭೂತಗನ್ನಡಿಯನ್ನು ಹಿಡಿದಂತೆ ಅದು. ಚಿತ್ರವು ದೊಡ್ಡದಾಗಿ ಕಾಣುತ್ತದೆ, ಕಾಗದದ ಮೇಲೆ ಯಾವುದೂ ಸರಿದಿರುವುದಿಲ್ಲ.

ಒಂದು ಲೆಕ್ಕವನ್ನು ನೋಡಬಹುದು. ಹಕ್ಕಿಗಳ ಚಿತ್ರಗಳ ಒಂದು ಸಾಲಿದೆ ಎನ್ನೋಣ. ಒಂದೊಂದೂ 200 ಪಿಕ್ಸೆಲ್ ಅಗಲ, 150 ಪಿಕ್ಸೆಲ್ ಎತ್ತರ. ಸಾಲಿನಲ್ಲಿ ನಾಲ್ಕು ಚಿತ್ರಗಳು, ನಡುನಡುವೆ 16 ಪಿಕ್ಸೆಲ್ ಅಂತರ. ಅಂದರೆ ಸಾಲಿಗೆ ಒಟ್ಟು 848 ಪಿಕ್ಸೆಲ್ ಬೇಕು. ಅಂಕಣದ ಅಗಲವೂ ಅಷ್ಟೇ ಇದೆ, ಸ್ಥಳ ಸಾಲದಿದ್ದರೆ ಚಿತ್ರಗಳು ಮುಂದಿನ ಸಾಲಿಗೆ ಇಳಿಯುವಂತಿದೆ. ಈಗ ಒಂದು ಚಿತ್ರದ ಅಗಲವನ್ನು 240ಕ್ಕೂ ಎತ್ತರವನ್ನು 180ಕ್ಕೂ ಏರಿಸಿದರೆ ಸಾಲಿಗೆ 888 ಪಿಕ್ಸೆಲ್ ಬೇಕಾಗುತ್ತದೆ. ಜಾಗವಿಲ್ಲದೆ ನಾಲ್ಕನೆಯ ಚಿತ್ರವು ಕೆಳಗಿನ ಸಾಲಿಗೆ ಉರುಳುತ್ತದೆ, ಅದರ ಕೆಳಗಿದ್ದ ಬರಹವು ಇನ್ನೂ ಕೆಳಗೆ ಹೋಗುತ್ತದೆ.

ಓದುಗರು ಸೂಚಕವನ್ನಿಟ್ಟದ್ದು ಆ ನಾಲ್ಕನೆಯ ಚಿತ್ರದ ಮೇಲೆಯೇ ಆಗಿದ್ದರೆ ಆಗುವುದು ಇನ್ನೂ ವಿಚಿತ್ರ. ಚಿತ್ರವು ಹಿಗ್ಗಲು ತೊಡಗಿದೊಡನೆ ಕೆಳಗಿನ ಸಾಲಿಗೆ ಬೀಳುತ್ತದೆ. ಸೂಚಕವು ನಿಂತಲ್ಲೇ ಇದೆ, ಅದರಡಿಯಲ್ಲಿ ಚಿತ್ರವಿಲ್ಲ. ಆದ್ದರಿಂದ ಹೋವರ್ ಸ್ಥಿತಿ ಮುಗಿಯಿತು. ಚಿತ್ರವು ಕುಗ್ಗಿ ಮೇಲಕ್ಕೆ ಮರಳುತ್ತದೆ. ಮರಳಿದೊಡನೆ ಮತ್ತೆ ಸೂಚಕದಡಿಗೆ ಬಂದು ಹಿಗ್ಗಲು ತೊಡಗುತ್ತದೆ. ಕೈ ಅಲುಗಿಸದಿದ್ದರೂ ಪುಟವು ಹೀಗೆ ಮೇಲೆ ಕೆಳಗೆ ಕುಣಿಯುತ್ತಲೇ ಇರುತ್ತದೆ. ಹೊಸದಾಗಿ ಕಲಿಯುವವರು ಇದನ್ನು ಬ್ರೌಸರಿನ ದೋಷವೆಂದು ಭಾವಿಸುವುದುಂಟು. ಬ್ರೌಸರು ಹೇಳಿದ್ದನ್ನು ಅಕ್ಷರಶಃ ಪಾಲಿಸುತ್ತಿದೆ, ಅಷ್ಟೆ.

ವೇಗದ ಪ್ರಶ್ನೆಯೂ ಇದೆ. ಸಾಮಾನ್ಯ ಪರದೆಯು ಸೆಕೆಂಡಿಗೆ 60 ಬಾರಿ ಹೊಸದಾಗುತ್ತದೆ. ಅಂದರೆ ಒಂದೊಂದು ಬಾರಿಗೆ ಸಿಗುವ ಕಾಲ ಸುಮಾರು 16.7 ಮಿಲಿಸೆಕೆಂಡು. ಅಗಲವನ್ನು 0.3 ಸೆಕೆಂಡಿನಲ್ಲಿ ಹಿಗ್ಗಿಸಿದರೆ ಸುಮಾರು 18 ಬಾರಿ ಲೇಔಟ್ ಲೆಕ್ಕವನ್ನು ಮಾಡಬೇಕು, ಅಷ್ಟೇ ಬಾರಿ ಬಣ್ಣವನ್ನೂ ತುಂಬಬೇಕು. ದೊಡ್ಡ ಪುಟದಲ್ಲಿ, ಅಗ್ಗದ ಯಂತ್ರದಲ್ಲಿ, ಈ ಕೆಲಸವು 16.7 ಮಿಲಿಸೆಕೆಂಡಿನೊಳಗೆ ಮುಗಿಯದೆ ಚಲನೆಯು ತಡವರಿಸುತ್ತದೆ. ಟ್ರಾನ್ಸ್‌ಫಾರ್ಮ್ ಬಳಸಿದಾಗ ಮೊದಲೇ ಬರೆದಿಟ್ಟ ಪದರವನ್ನು ಗ್ರಾಫಿಕ್ಸ್ ಸಂಸ್ಕಾರಕವು ಹಿಗ್ಗಿಸಿ ತೋರಿಸಿದರೆ ಸಾಕು. ಲೇಔಟ್ ಹಂತದ ಗೊಡವೆಯೇ ಇಲ್ಲ.

ಮೂಲ ವಿಧಾನ

ವಿಧಾನದ ತಿರುಳು ಎರಡು ನಿಯಮಗಳಲ್ಲಿದೆ. ಚಿತ್ರದ ಸಹಜ ಸ್ಥಿತಿಗೆ ಬರೆಯುವ ನಿಯಮದಲ್ಲಿ ಟ್ರಾನ್ಸಿಶನ್ ಗುಣವನ್ನು ಕೊಟ್ಟು, ಟ್ರಾನ್ಸ್‌ಫಾರ್ಮ್ ಬದಲಾದಾಗ ಅದು 0.3 ಸೆಕೆಂಡಿನಲ್ಲಿ ಆಗತಕ್ಕದ್ದು ಎಂದು ಹೇಳಬೇಕು. ಹೋವರ್ ಸ್ಥಿತಿಗೆ ಬರೆಯುವ ನಿಯಮದಲ್ಲಿ ಟ್ರಾನ್ಸ್‌ಫಾರ್ಮ್ ಗುಣಕ್ಕೆ ಸ್ಕೇಲ್(1.2) ಎಂಬ ಬೆಲೆಯನ್ನು ಕೊಡಬೇಕು. 1.2 ಎಂದರೆ ಅಗಲವೂ ಎತ್ತರವೂ ಮೊದಲಿದ್ದುದರ ಒಂದೂಕಾಲಿಗೆ ಸ್ವಲ್ಪ ಕಡಿಮೆ. ಮೇಲಿನ ಉದಾಹರಣೆಯ ಚಿತ್ರವು 240 ಕ್ಕೆ 180 ಪಿಕ್ಸೆಲ್ ಆಗಿ ಕಾಣುತ್ತದೆ, ಆದರೆ ಲೇಔಟ್ ಲೆಕ್ಕದಲ್ಲಿ ಅದು 200 ಕ್ಕೆ 150 ಆಗಿಯೇ ಉಳಿದಿರುತ್ತದೆ.

ಟ್ರಾನ್ಸಿಶನ್ ಗುಣವನ್ನು ಸಹಜ ಸ್ಥಿತಿಯ ನಿಯಮದಲ್ಲಿ ಏಕೆ ಬರೆಯಬೇಕು ಎಂಬುದನ್ನು ತಿಳಿದಿರಬೇಕು. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗುವಾಗ ಬ್ರೌಸರು ಗಮನಿಸುವುದು ತಲುಪಬೇಕಾದ ಸ್ಥಿತಿಯಲ್ಲಿ ಬರೆದಿರುವ ಟ್ರಾನ್ಸಿಶನ್ ಅನ್ನು. ಅದನ್ನು ಹೋವರ್ ನಿಯಮದಲ್ಲಿ ಮಾತ್ರ ಬರೆದರೆ ಚಿತ್ರವು ನಯವಾಗಿ ಹಿಗ್ಗಿ, ಮರಳುವಾಗ ಥಟ್ಟನೆ ಕುಗ್ಗುತ್ತದೆ. ಇದೇ ಸಂಗತಿಯನ್ನು ಬುದ್ಧಿಪೂರ್ವಕವಾಗಿ ಬಳಸಿಕೊಂಡು, ಹಿಗ್ಗುವುದು ಬೇಗ, ಕುಗ್ಗುವುದು ನಿಧಾನ ಎಂಬಂತೆಯೂ ಮಾಡಬಹುದು. ಚಿತ್ರವು ಅರ್ಧ ಹಿಗ್ಗಿದಾಗಲೇ ಸೂಚಕವು ಸರಿದರೆ ಅದು ಅಲ್ಲಿಂದಲೇ ಹಿಂದಿರುಗುತ್ತದೆ, ಮರಳುವ ಕಾಲವೂ ಅದಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. ಇದಕ್ಕಾಗಿ ಬೇರೇನನ್ನೂ ಬರೆಯಬೇಕಾಗಿಲ್ಲ.

2022ರಿಂದೀಚೆಗೆ ಎಲ್ಲ ಮುಖ್ಯ ಬ್ರೌಸರುಗಳಲ್ಲಿ ಸ್ಕೇಲ್ ಎಂಬುದು ಸ್ವತಂತ್ರ ಗುಣವಾಗಿಯೂ ದೊರೆಯುತ್ತಿದೆ. ಚಿತ್ರವನ್ನು ಮೊದಲೇ ಟ್ರಾನ್ಸ್‌ಫಾರ್ಮ್ ಮೂಲಕ ಓರೆಯಾಗಿ ತಿರುಗಿಸಿ ಇಟ್ಟಿರುವ ಪುಟಗಳಲ್ಲಿ ಇದು ಅನುಕೂಲ. ಏಕೆಂದರೆ ಹೋವರ್ ನಿಯಮದಲ್ಲಿ ಟ್ರಾನ್ಸ್‌ಫಾರ್ಮ್ ಗುಣವನ್ನೇ ಮತ್ತೆ ಬರೆದರೆ ಹಳೆಯ ಬೆಲೆಯು ಅಳಿಸಿಹೋಗಿ ಚಿತ್ರವು ಹಿಗ್ಗುವುದರ ಜೊತೆಗೆ ನೇರವೂ ಆಗಿಬಿಡುತ್ತದೆ.

ಎಷ್ಟು ಹಿಗ್ಗಿಸಬೇಕು ಎಂಬುದಕ್ಕೆ ಕಟ್ಟುನಿಟ್ಟಾದ ನಿಯಮವಿಲ್ಲ. 1.2ರಲ್ಲಿ ಉದಾಹರಣೆಯ ಚಿತ್ರವು ಎಡಬಲಗಳಲ್ಲಿ 20 ಪಿಕ್ಸೆಲಿನಂತೆ, ಮೇಲೆ ಕೆಳಗೆ 15 ಪಿಕ್ಸೆಲಿನಂತೆ ಹೊರಚಾಚುತ್ತದೆ. ನಡುವಿನ ಅಂತರ 16 ಆದ್ದರಿಂದ ಪಕ್ಕದ ಚಿತ್ರವನ್ನು ಮುಚ್ಚುವುದು 4 ಪಿಕ್ಸೆಲ್ ಮಾತ್ರ. ಅದನ್ನು 2ಕ್ಕೆ ಏರಿಸಿದರೆ ಹೊರಚಾಚು 100 ಪಿಕ್ಸೆಲ್. ನೆರೆಯ ಚಿತ್ರದ 84 ಪಿಕ್ಸೆಲ್ ಮುಚ್ಚಿಹೋಗುತ್ತದೆ. ಪುಟವು ಅಲುಗದಿದ್ದರೂ ನೆರೆಯದು ಕಾಣದಂತಾಯಿತು. ಸಾಲಿನಲ್ಲಿ ಇಟ್ಟ ಚಿತ್ರಗಳಿಗೆ 1.05ರಿಂದ 1.2ರವರೆಗಿನ ಬೆಲೆಯೇ ಹಿತ. ಅದಕ್ಕಿಂತ ದೊಡ್ಡದಾಗಿ ತೋರಿಸಬೇಕಾದ ಚಿತ್ರವಿದ್ದರೆ, ಒತ್ತಿದಾಗ ಬೇರೆಯಾಗಿ ತೆರೆದುಕೊಳ್ಳುವಂತೆ ಮಾಡುವುದು ಓದುಗರಿಗೆ ಉಪಕಾರ.

ಮೇಲು ಕೆಳಗಿನ ಕ್ರಮ

ಹಿಗ್ಗಿದ ಚಿತ್ರವು ನೆರೆಯದರ ಮೇಲೆ ಕಾಣಬೇಕೋ ಅಡಿಯಲ್ಲೋ ಎಂಬುದು ಮುಂದಿನ ಪ್ರಶ್ನೆ. ಟ್ರಾನ್ಸ್‌ಫಾರ್ಮ್ ಪಡೆದ ವಸ್ತುವನ್ನು ಬ್ರೌಸರು ಸಾಮಾನ್ಯ ವಸ್ತುಗಳ ಅನಂತರ ಬರೆಯುವುದರಿಂದ ಅದು ತಾನಾಗಿಯೇ ಅವುಗಳ ಮೇಲೆ ಬರುತ್ತದೆ. ಆದರೆ ನೆರೆಯ ವಸ್ತುವಿಗೂ ಪೊಸಿಶನ್ ಗುಣವಿದ್ದರೆ, ಅಥವಾ ಅದೂ ಆಗ ಕುಗ್ಗುತ್ತಿದ್ದರೆ, ಪುಟದಲ್ಲಿ ಯಾವುದು ಆಮೇಲೆ ಬರೆಯಲ್ಪಟ್ಟಿದೆಯೋ ಅದು ಮೇಲೇರುತ್ತದೆ. ಎಡದ ಚಿತ್ರವು ಹಿಗ್ಗಿದಾಗ ಅದರ ಬಲತುದಿಯು ಪಕ್ಕದ್ದರ ಅಡಿಗೆ ನುಸುಳಿರುವುದನ್ನು ಅನೇಕ ತಾಣಗಳಲ್ಲಿ ನೋಡಬಹುದು. ಕಾರಣ ಇದೇ.

ಇದಕ್ಕೆ ಚಿತ್ರದ ಪೊಸಿಶನ್ ಅನ್ನು ರಿಲೇಟಿವ್ ಎಂದು ಬರೆದು, ಹೋವರ್ ಸ್ಥಿತಿಯಲ್ಲಿ ಝಡ್-ಇಂಡೆಕ್ಸ್ ಗುಣಕ್ಕೆ 1 ಎಂಬ ಬೆಲೆ ಕೊಡುವುದು ವಾಡಿಕೆ. ಸೂಚಕವು ಸರಿದೊಡನೆ ಝಡ್-ಇಂಡೆಕ್ಸ್ ಕಳೆದುಹೋಗುವುದರಿಂದ, ಇನ್ನೂ ಕುಗ್ಗುತ್ತಿರುವ ಚಿತ್ರವು ಒಮ್ಮೆಲೇ ನೆರೆಯದರ ಅಡಿಗೆ ಬೀಳುವಂತೆ ಕಾಣಬಹುದು. ಝಡ್-ಇಂಡೆಕ್ಸ್ ಬದಲಾವಣೆಗೂ 0.3 ಸೆಕೆಂಡಿನ ವಿಳಂಬವನ್ನು ಸಹಜ ಸ್ಥಿತಿಯ ನಿಯಮದಲ್ಲಿ ಕೊಟ್ಟು, ಹೋವರ್ ನಿಯಮದಲ್ಲಿ ಆ ವಿಳಂಬವನ್ನು ತೆಗೆದುಹಾಕಿದರೆ ಈ ತೊಡಕು ನಿವಾರಣೆಯಾಗುತ್ತದೆ. ಚಿತ್ರವು ಒಂದು ಚೌಕಟ್ಟಿನೊಳಗಿದ್ದು ಆ ಚೌಕಟ್ಟೇ ಪ್ರತ್ಯೇಕ ಪದರಕ್ರಮವನ್ನು ಹೊಂದಿದ್ದರೆ, ಒಳಗಿನ ಚಿತ್ರಕ್ಕೆ ಎಷ್ಟು ದೊಡ್ಡ ಸಂಖ್ಯೆ ಕೊಟ್ಟರೂ ಅದು ಚೌಕಟ್ಟನ್ನು ಮೀರಲಾರದು. 9999 ಎಂದು ಬರೆದೂ ಫಲ ಕಾಣದವರು ಚೌಕಟ್ಟಿಗೇ ಝಡ್-ಇಂಡೆಕ್ಸ್ ಕೊಟ್ಟು ನೋಡಬೇಕು.

ಅಂಚಿನ ಚಿತ್ರಗಳು

ಟ್ರಾನ್ಸ್‌ಫಾರ್ಮ್ ಸುತ್ತಲಿನ ವಸ್ತುಗಳನ್ನು ಸರಿಸುವುದಿಲ್ಲವೆಂಬುದು ನಿಜ. ಆದರೆ ಪುಟವನ್ನು ಸ್ವಲ್ಪವೂ ಮುಟ್ಟುವುದಿಲ್ಲವೆಂದರೆ ತಪ್ಪಾದೀತು. ಹಿಗ್ಗಿದ ಭಾಗವು ಕಿಟಕಿಯ ಬಲ ಅಂಚನ್ನು ದಾಟಿದರೆ ಕೆಳಗೆ ಅಡ್ಡ ಸುರುಳಿಪಟ್ಟಿ ಮೂಡುತ್ತದೆ. ಎಡ ಅಂಚನ್ನು ದಾಟಿದ ಭಾಗವಂತೂ ಕತ್ತರಿಸಿಹೋಗುತ್ತದೆ. ಸರಿಸಿ ನೋಡುವುದಕ್ಕೂ ಆಗದು.

ಹಿಗ್ಗುವಿಕೆಯ ಕೇಂದ್ರವು ಸಹಜವಾಗಿ ಚಿತ್ರದ ನಟ್ಟನಡುವೆ ಇರುತ್ತದೆ. ಟ್ರಾನ್ಸ್‌ಫಾರ್ಮ್-ಒರಿಜಿನ್ ಎಂಬ ಗುಣದಿಂದ ಅದನ್ನು ಬದಲಿಸಬಹುದು. ಸಾಲಿನ ಮೊದಲ ಚಿತ್ರಕ್ಕೆ ಎಡ ಅಂಚನ್ನೂ ಕೊನೆಯದಕ್ಕೆ ಬಲ ಅಂಚನ್ನೂ ಕೇಂದ್ರವಾಗಿ ಮಾಡಿದರೆ ಅವು ಒಳಮುಖವಾಗಿಯೇ ಹಿಗ್ಗುತ್ತವೆ. ಪುಟದ ಎರಡೂ ಬದಿಗೆ ಸಾಕಷ್ಟು ಬಿಳಿಜಾಗವನ್ನು ಬಿಡುವುದು ಇನ್ನೂ ಸರಳ. ಆದರೆ ಚಿಕ್ಕ ಪರದೆಗಳಲ್ಲಿ ಅಷ್ಟು ಜಾಗ ಸಿಗುವುದಿಲ್ಲ.

ಚೌಕಟ್ಟಿನೊಳಗೆ ಹಿಗ್ಗಿಸುವುದು

ಸುದ್ದಿತಾಣಗಳಲ್ಲಿ ಹೆಚ್ಚಾಗಿ ಕಾಣುವುದು ಇನ್ನೊಂದು ಬಗೆ. ಚಿತ್ರವನ್ನು ಒಂದು ಚೌಕಟ್ಟಿನಲ್ಲಿಟ್ಟು, ಚೌಕಟ್ಟಿನ ಓವರ್‌ಫ್ಲೋ ಗುಣವನ್ನು ಹಿಡನ್ ಎಂದು ಬರೆಯುತ್ತಾರೆ. ಚಿತ್ರವು ಹಿಗ್ಗಿದಾಗ ಹೊರಚಾಚಿದ ಭಾಗವು ಕಾಣಿಸದೆ, ಕಿಟಕಿಯ ಮೂಲಕ ದೃಶ್ಯವು ಹತ್ತಿರ ಬಂದಂತೆ ತೋರುತ್ತದೆ. ಸುರುಳಿಪಟ್ಟಿಯ ಭಯವಿಲ್ಲ, ನೆರೆಯದರ ಮೇಲೆ ಬೀಳುವುದಿಲ್ಲ, ಮೇಲು ಕೆಳಗಿನ ಕ್ರಮದ ಗೋಜೂ ಇಲ್ಲ. ಅಂಚಿನ ಭಾಗವು ಮರೆಯಾಗುವುದು ಇದರ ಬೆಲೆ. ನಕ್ಷೆ, ಶಾಸನದ ಪಡಿಯಚ್ಚು, ಗುಂಪಿನ ಛಾಯಾಚಿತ್ರ ಮುಂತಾದವುಗಳಿಗೆ ಇದು ಸಲ್ಲದು. ಗುಂಪಿನ ಚಿತ್ರದಲ್ಲಿ ತುದಿಯಲ್ಲಿ ನಿಂತವರೇ ಕಾಣದಂತಾಗುತ್ತಾರೆ!

ಇಲ್ಲಿ ಹೋವರ್ ಸ್ಥಿತಿಯನ್ನು ಚಿತ್ರದ ಮೇಲಲ್ಲ, ಚೌಕಟ್ಟಿನ ಮೇಲೆ ಗುರುತಿಸಿ, ಬದಲಾವಣೆಯನ್ನು ಮಾತ್ರ ಒಳಗಿನ ಚಿತ್ರಕ್ಕೆ ಹೇಳುವುದು ಉತ್ತಮ ಕ್ರಮ. ಹೋವರ್ ಆದಾಗ ಚಿತ್ರವು ಕುಗ್ಗಬೇಕು ಅಥವಾ ಮೇಲೇಳಬೇಕು ಎಂಬಂಥ ಕಡೆಗಳಲ್ಲಿ ಈ ಕ್ರಮವು ಅನಿವಾರ್ಯವೇ ಆಗುತ್ತದೆ. ಏಕೆಂದರೆ ಸೂಚಕವು ವಸ್ತುವಿನ ಮೇಲಿದೆಯೇ ಎಂಬುದನ್ನು ಬ್ರೌಸರು ನಿರ್ಧರಿಸುವುದು ಅದರ ಬದಲಾದ ಆಕಾರವನ್ನು ನೋಡಿ. ಅಂಚಿನಲ್ಲಿ ಸೂಚಕವಿದ್ದು ಚಿತ್ರವು ಒಳಸರಿದರೆ ಹೋವರ್ ಮುಗಿದು, ಮೇಲೆ ಹೇಳಿದ ಕುಣಿತವು ಬೇರೊಂದು ರೂಪದಲ್ಲಿ ಮರುಕಳಿಸುತ್ತದೆ. ಚೌಕಟ್ಟು ಅಲುಗುವುದಿಲ್ಲವಾದ್ದರಿಂದ ಅದರ ಮೇಲಿನ ಹೋವರ್ ಸ್ಥಿರವಾಗಿರುತ್ತದೆ.

ಕೊಂಡಿಯೊಳಗೆ ಚಿತ್ರವಿದ್ದಾಗ ಹಿಗ್ಗಿಸುವ ಗುಣವನ್ನು ಕೊಂಡಿಗೆ ಬರೆದು, ಏನೂ ಆಗಲಿಲ್ಲವೆಂದು ಕೇಳುವವರಿದ್ದಾರೆ. ಸಾಲಿನೊಳಗೆ ಹರಿಯುವ ಸಾಮಾನ್ಯ ಕೊಂಡಿಗೆ ಟ್ರಾನ್ಸ್‌ಫಾರ್ಮ್ ಅನ್ವಯಿಸುವುದಿಲ್ಲ, ಚಿತ್ರಕ್ಕೆ ಅನ್ವಯಿಸುತ್ತದೆ. ಕೊಂಡಿಯ ಡಿಸ್‌ಪ್ಲೇ ಗುಣವನ್ನು ಇನ್‌ಲೈನ್-ಬ್ಲಾಕ್ ಎಂದು ಬದಲಿಸಿದರೆ ಸರಿಹೋಗುತ್ತದೆ.

ಕನ್ನಡ ಪುಟಗಳಿಗೆ ಸಂಬಂಧಿಸಿದಂತೆ ಒಂದು ಮಾತು. ಚಿತ್ರದೊಡನೆ ಅದರ ಶೀರ್ಷಿಕೆಯನ್ನೂ ಚೌಕಟ್ಟಿನೊಳಗಿಟ್ಟು, ರೋಮನ್ ಅಕ್ಷರಗಳಿಗೆ ಹೊಂದುವಷ್ಟೇ ಸಾಲಿನ ಎತ್ತರವನ್ನು ನಿಗದಿಮಾಡಿದರೆ, ಓವರ್‌ಫ್ಲೋ ಹಿಡನ್ ಆಗಿರುವುದರಿಂದ ಕನ್ನಡದ ಒತ್ತಕ್ಷರಗಳ ಕೆಳಭಾಗವು ಕತ್ತರಿಸಿಹೋಗುತ್ತದೆ. ಶೀರ್ಷಿಕೆಯನ್ನು ಕತ್ತರಿಸುವ ಚೌಕಟ್ಟಿನಿಂದ ಹೊರಗಿಡಬೇಕು, ಇಲ್ಲವೇ ಸಾಲಿನ ಎತ್ತರವನ್ನು ಹೆಚ್ಚಿಸಬೇಕು. ಹೋವರ್ ಆದಾಗ ಶೀರ್ಷಿಕೆಯ ಅಕ್ಷರಗಾತ್ರವನ್ನೇ ಏರಿಸುವುದಂತೂ ಬೇಡ. ಸಮಾಸಪದಗಳು ಉದ್ದವಾಗಿರುವ ನಮ್ಮ ಬರಹದಲ್ಲಿ ಒಂದು ಪದವು ಕೆಳಗಿನ ಸಾಲಿಗೆ ಜಾರಿದರೆ ಸಾಲುಗಳ ಎಣಿಕೆಯೇ ಬದಲಾಗಿ, ತಪ್ಪಿಸಬೇಕೆಂದಿದ್ದ ಕುಸಿತವು ಮರಳಿ ಬರುತ್ತದೆ.

ಚಿತ್ರದ ಸ್ಪಷ್ಟತೆ

ಭೂತಗನ್ನಡಿಯು ಇಲ್ಲದ ವಿವರವನ್ನು ತೋರಿಸಲಾರದು. 200 ಪಿಕ್ಸೆಲ್ ಅಗಲದ ಕಡತವನ್ನು ಒಂದೂವರೆ ಪಟ್ಟು ಹಿಗ್ಗಿಸಿದರೆ ಚಿತ್ರವು ಮಸುಕಾಗುತ್ತದೆ. ಹಿಗ್ಗಿದಾಗ ಎಷ್ಟು ಅಗಲವಾಗಿ ಕಾಣಬೇಕೋ ಕನಿಷ್ಠ ಅಷ್ಟು ಅಗಲದ, ಇಲ್ಲಿ 300 ಪಿಕ್ಸೆಲಿನ, ಕಡತವನ್ನಿಟ್ಟು ಸಹಜ ಸ್ಥಿತಿಯಲ್ಲಿ ಅದನ್ನು 200ರಲ್ಲಿ ತೋರಿಸಬೇಕು. ಒಂದು ಪಿಕ್ಸೆಲಿನ ಜಾಗದಲ್ಲಿ ಅಡ್ಡಕ್ಕೂ ಉದ್ದಕ್ಕೂ ಎರಡೆರಡು ಬಿಂದುಗಳಿರುವ ಸಾಂದ್ರ ಪರದೆಗಳಿಗೆ 600 ಬೇಕಾಗುತ್ತದೆ. ಕಡತವು ದೊಡ್ಡದಾದಷ್ಟೂ ಪುಟವು ತೆರೆಯುವುದು ತಡ. ನಿಧಾನ ಸಂಪರ್ಕದವರ ದೃಷ್ಟಿಯಿಂದ ನೋಡಿದರೆ ಹಿಗ್ಗುವಿಕೆಯನ್ನು ಮಿತವಾಗಿಡಲು ಇದೂ ಒಂದು ಕಾರಣ. ಎಸ್‌ವಿಜಿ ಮಾದರಿಯ ರೇಖಾಚಿತ್ರಗಳಿಗೆ ಈ ತೊಂದರೆಯಿಲ್ಲ.

ವಿಲ್-ಚೇಂಜ್ ಎಂಬ ಗುಣದಿಂದ ಬರಲಿರುವ ಬದಲಾವಣೆಯ ಮುನ್ಸೂಚನೆಯನ್ನು ಬ್ರೌಸರಿಗೆ ಕೊಡಬಹುದು. ಪುಟದ ನೂರು ಚಿತ್ರಗಳಿಗೂ ಅದನ್ನು ಹಚ್ಚಿದರೆ ನೂರು ಪದರಗಳಿಗೆ ಸ್ಮೃತಿ ಖರ್ಚಾಗಿ ಲಾಭಕ್ಕಿಂತ ನಷ್ಟವೇ ಹೆಚ್ಚು.

ಮೌಸ್ ಇಲ್ಲದವರು, ಚಲನೆಯನ್ನು ಸಹಿಸಲಾರದವರು

ಹೋವರ್ ಎಂಬುದು ಮೌಸ್ ಉಳ್ಳವರ ಸೌಲಭ್ಯ. ಸ್ಪರ್ಶಪರದೆಯ ಮೇಲೆ ಬೆರಳು ಒಂದೋ ಮುಟ್ಟಿದೆ, ಇಲ್ಲವೇ ಮುಟ್ಟಿಲ್ಲ. ಸುಮ್ಮನೆ ಮೇಲೆ ನಿಲ್ಲುವ ನಡುವಿನ ಸ್ಥಿತಿ ಅದಕ್ಕಿಲ್ಲ. ಮೊಬೈಲ್ ಬ್ರೌಸರುಗಳು ಮುಟ್ಟಿದ್ದನ್ನೇ ಹೋವರ್ ಎಂದು ಭಾವಿಸುವುದರಿಂದ, ಮುಟ್ಟಿದ ಚಿತ್ರವು ಹಿಗ್ಗಿ, ಬೇರೆಲ್ಲಾದರೂ ಮುಟ್ಟುವವರೆಗೆ ಹಾಗೆಯೇ ನಿಂತುಬಿಡುತ್ತದೆ. ಸಾಧನಕ್ಕೆ ಹೋವರ್ ಸಾಮರ್ಥ್ಯವಿದೆಯೇ ಎಂದು ಕೇಳುವ ಮೀಡಿಯಾ ಷರತ್ತೊಂದು ಸಿಎಸ್‌ಎಸ್‌ನಲ್ಲಿದೆ. ಹಿಗ್ಗಿಸುವ ನಿಯಮವನ್ನು ಆ ಷರತ್ತಿನೊಳಗೆ ಬರೆದರೆ ಮೊಬೈಲಿನಲ್ಲಿ ಅದು ಜಾರಿಯಾಗುವುದಿಲ್ಲ. ಆದಕಾರಣ ಹಿಗ್ಗಿದಾಗ ಮಾತ್ರ ಓದಲು ಸಿಗುವಂಥ ಮಾಹಿತಿಯನ್ನು ಚಿತ್ರದಲ್ಲಿ ಇಡಲೇಬಾರದು.

ಕೀಲಿಮಣೆಯಿಂದಲೇ ಪುಟದಲ್ಲಿ ಓಡಾಡುವವರೂ ಇದ್ದಾರೆ. ಕೈನಡುಕದಿಂದ ಮೌಸನ್ನು ಹಿಡಿಯಲಾರದವರು ಅವರಲ್ಲಿ ಸೇರಿದ್ದಾರೆ. ಟ್ಯಾಬ್ ಕೀಲಿಯಿಂದ ಕೊಂಡಿಯನ್ನು ತಲುಪಿದಾಗ ದೊರೆಯುವ ಸ್ಥಿತಿಗೆ ಫೋಕಸ್ ಎನ್ನುತ್ತಾರೆ. ಹೋವರ್ ನಿಯಮದ ಪಕ್ಕದಲ್ಲಿಯೇ ಫೋಕಸ್-ವಿಸಿಬಲ್ ಸ್ಥಿತಿಯನ್ನೂ ಸೇರಿಸಿ ಬರೆದರೆ ಅವರಿಗೂ ಚಿತ್ರವು ಹಿಗ್ಗಿ ಕಾಣುತ್ತದೆ. ಒಂದು ಅಲ್ಪವಿರಾಮ, ಅರ್ಧ ಸಾಲು. ಅಷ್ಟನ್ನು ಬರೆಯದಿರುವುದಕ್ಕೆ ಕಾರಣವಿಲ್ಲ.

ಇನ್ನು ಚಲನೆಯ ಮಾತು. ಒಳಗಿವಿಯ ಸಮತೋಲನ ವ್ಯವಸ್ಥೆಯಲ್ಲಿ ತೊಂದರೆಯಿರುವವರಿಗೆ ಪರದೆಯ ಮೇಲಿನ ಹಿಗ್ಗುವ ಕುಗ್ಗುವ ಚಲನೆಯಿಂದ ತಲೆಸುತ್ತು, ವಾಕರಿಕೆ ಬರುವುದುಂಟು. ಇದು ಕಲ್ಪನೆಯ ಅಥವಾ ಅಭಿರುಚಿಯ ವಿಷಯವಲ್ಲ. ಚಲನೆಯನ್ನು ಕಡಿಮೆ ಮಾಡು ಎಂಬ ಆಯ್ಕೆಯನ್ನು ಇಂದಿನ ಗಣಕ ಮತ್ತು ಮೊಬೈಲುಗಳ ವ್ಯವಸ್ಥಾಪನೆಯಲ್ಲಿಯೇ ಕೊಡಲಾಗಿದೆ. ಆ ಆಯ್ಕೆಯನ್ನು ಓದುಗರು ಮಾಡಿಕೊಂಡಿದ್ದಾರೆಯೇ ಎಂದು ಪ್ರಿಫರ್ಸ್-ರಿಡ್ಯೂಸ್ಡ್-ಮೋಷನ್ ಎಂಬ ಮೀಡಿಯಾ ಷರತ್ತಿನಿಂದ ತಿಳಿಯಬಹುದು. ಸಫಾರಿಯು 2017ರಲ್ಲಿ ಇದನ್ನು ಜಾರಿಗೆ ತಂದಿತು. ಅಂಥವರಿಗೆ ಹಿಗ್ಗುವಿಕೆಯನ್ನು ಪೂರ್ತಿಯಾಗಿ ಕೈಬಿಟ್ಟು, ಚಿತ್ರದ ಸುತ್ತ ಒಂದು ಗೆರೆ ಮೂಡುವಂತೆ ಮಾಡಿದರೂ ಆಯ್ಕೆಯ ಸೂಚನೆ ಸಿಕ್ಕಂತಾಯಿತು. 2018ರ ಜೂನ್‌ನಲ್ಲಿ ಹೊರಬಂದ ಡಬ್ಲ್ಯುಸಿಎಜಿ 2.1 ಸುಗಮ್ಯತಾ ಮಾರ್ಗಸೂಚಿಯು, ಬಳಕೆದಾರರ ಕ್ರಿಯೆಯಿಂದ ಉಂಟಾಗುವ ಚಲನೆಯನ್ನು ನಿಲ್ಲಿಸಲು ಅವಕಾಶವಿರಬೇಕೆಂದು ತನ್ನ ಅತ್ಯುನ್ನತ ಮಟ್ಟದ ಅಂಶಗಳಲ್ಲಿ ಹೇಳುತ್ತದೆ.

ಇತರ ವಿಧಾನಗಳು

ಟ್ರಾನ್ಸ್‌ಫಾರ್ಮ್ ಬರುವ ಮೊದಲು ಎರಡು ಉಪಾಯಗಳು ಬಳಕೆಯಲ್ಲಿದ್ದವು. ಅಗಲವನ್ನು 40 ಪಿಕ್ಸೆಲ್ ಹೆಚ್ಚಿಸಿ, ಎರಡೂ ಬದಿಯ ಅಂಚುಜಾಗಕ್ಕೆ ಋಣ 20ರಂತೆ ಕೊಟ್ಟು ಲೆಕ್ಕ ಸರಿದೂಗಿಸುವುದು ಒಂದು. ಹೊರಗೆ ಏನೂ ಅಲುಗಿದಂತೆ ಕಾಣದಿದ್ದರೂ ಪ್ರತಿ ಹೆಜ್ಜೆಗೂ ಲೇಔಟ್ ಲೆಕ್ಕವು ನಡೆಯುತ್ತಲೇ ಇರುತ್ತದೆ. ಇನ್ನೊಂದು, ಪೊಸಿಶನ್ ಅನ್ನು ಆ್ಯಬ್ಸೊಲ್ಯೂಟ್ ಮಾಡಿ ಚಿತ್ರವನ್ನು ಪುಟದ ಹರಿವಿನಿಂದ ಹೊರತೆಗೆಯುವುದು. ಹೊರತೆಗೆದೊಡನೆ ಅದರ ಜಾಗವು ಖಾಲಿಯಾಗಿ ಮುಂದಿನ ಚಿತ್ರವು ಅಲ್ಲಿಗೆ ಬಂದು ಕೂರುತ್ತದೆ. ಹಾಗಾಗದಂತೆ ನಿಗದಿತ ಅಳತೆಯ ಚೌಕಟ್ಟನ್ನು ಮೊದಲೇ ಕಾದಿರಿಸಬೇಕು. ಈಗ ಹೊಸದಾಗಿ ಬರೆಯುವವರು ಇವೆರಡನ್ನೂ ಬಳಸಬೇಕಾದ ಸಂದರ್ಭ ಕಡಿಮೆ.

ಝೂಮ್ ಎಂಬ ಗುಣವು ಹೆಸರಿನಿಂದ ಇದೇ ಕೆಲಸಕ್ಕೆಂದು ಮಾಡಿದಂತೆ ತೋರುತ್ತದೆ. ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ ಹುಟ್ಟಿ, ಬಹುಕಾಲ ಮಾನಕಗಳ ಹೊರಗಿದ್ದು, 2024ರಲ್ಲಿ ಫೈರ್‌ಫಾಕ್ಸ್‌ಗೂ ಬಂದ ಈ ಗುಣವು ಲೇಔಟ್ ಹಂತದಲ್ಲಿಯೇ ಕೆಲಸ ಮಾಡುತ್ತದೆ. ಆದ್ದರಿಂದ ಸುತ್ತಲಿನದೆಲ್ಲವೂ ಸರಿಯುತ್ತದೆ. ನಮ್ಮ ಉದ್ದೇಶಕ್ಕೆ ಅದು ಒಗ್ಗದು.

ಗೂಗಲ್ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಪುಟಗುಣಮಟ್ಟದ ಅಳತೆಗಳಲ್ಲಿ ಲೇಔಟ್ ಪಲ್ಲಟದ ಮೊತ್ತವೂ ಒಂದು. ಅದು 0.1ನ್ನು ಮೀರದಿದ್ದರೆ ಉತ್ತಮವೆಂದು ಎಣಿಕೆ. ಓದುಗರು ಒತ್ತಿದ ಅಥವಾ ಕೀಲಿ ಬಳಸಿದ ಅರ್ಧ ಸೆಕೆಂಡಿನೊಳಗೆ ಆದ ಪಲ್ಲಟವನ್ನು ಈ ಲೆಕ್ಕದಿಂದ ಬಿಡಲಾಗುತ್ತದೆ. ಆದರೆ ಸೂಚಕವು ಸುಮ್ಮನೆ ಹಾದುಹೋದದ್ದು ಅಂಥ ಕ್ರಿಯೆಯೆಂದು ಪರಿಗಣಿತವಾಗದು. ಅಗಲವನ್ನು ಬದಲಿಸಿ ಹಿಗ್ಗಿಸಿದ ಚಿತ್ರದಿಂದ ನೆರೆಯವು ಸರಿದರೆ ಅದು ಲೆಕ್ಕಕ್ಕೆ ಸೇರುತ್ತದೆ, ಟ್ರಾನ್ಸ್‌ಫಾರ್ಮ್‌ನಿಂದ ಹಿಗ್ಗಿದ್ದು ಸೇರುವುದಿಲ್ಲ.

ನೆರೆಹೊರೆಯನ್ನು ಬೇಕೆಂದೇ ಸರಿಸುವ ವಿನ್ಯಾಸವೂ ಇಲ್ಲದಿಲ್ಲ. 2001ರಲ್ಲಿ ಬಂದ ಮ್ಯಾಕ್ ಓಎಸ್ ಟೆನ್ ವ್ಯವಸ್ಥೆಯ ಡಾಕ್ ಪಟ್ಟಿಯಲ್ಲಿ, ಹಿಗ್ಗಿಸುವ ಆಯ್ಕೆಯನ್ನು ಮಾಡಿಕೊಂಡರೆ, ಸೂಚಕವು ಸಾಗಿದಂತೆ ಅದರಡಿಯ ಚಿಹ್ನೆಯು ಹಿಗ್ಗುತ್ತದೆ, ಅಕ್ಕಪಕ್ಕದವು ಅದಕ್ಕಿಂತ ಕಡಿಮೆ ಹಿಗ್ಗುತ್ತ ಪಕ್ಕಕ್ಕೆ ಸರಿದು ಜಾಗ ಬಿಡುತ್ತವೆ. ಅಲ್ಲಿ ಪಟ್ಟಿಯ ಹೊರಗೆ ಕದಲುವ ಬರಹವಿಲ್ಲ, ಓದುತ್ತಿದ್ದ ಸಾಲು ತಪ್ಪುವ ಭಯವಿಲ್ಲ. ಆದುದರಿಂದ ಆ ಅಲೆಯಂಥ ಚಲನೆಯು ಕಣ್ಣಿಗೆ ಅಷ್ಟು ತೊಡಕಾಗುವುದಿಲ್ಲ. ಅದನ್ನು ಲೇಖನದ ನಡುವೆ ಚಿತ್ರಗಳಿರುವ ಪುಟಕ್ಕೆ ತಂದರೆ ಪ್ರತಿ ಬಾರಿ ಮೌಸ್ ಚಲಿಸಿದಾಗಲೂ ಬರಹವು ಮೇಲೆ ಕೆಳಗೆ ಜಾರುತ್ತದೆ.